ಏಳನೇ ತಟ್ಟೆ

ಗಂಗರತ್ನಮ್ಮನ ಕೈಗೆ ಅರಿಶಿನ ಹಚ್ಚುತ್ತಿದ್ದ ಆದಿಲಕ್ಷ್ಮಿ ಥಟ್ಟನೆ ನಿಲ್ಲಿಸಿದಳು. ಎರಡು ಸಲ ಬಿಸಿನೀರು ಹೊಯ್ದು ಉಜ್ಜಿದ್ದರೂ ಆ ಉಗುರುಗಳ ಸಂದಿಯಲ್ಲಿ ಬಿಳಿ ಪುಡಿ ಹಾಗೇ ಉಳಿದಿತ್ತು. ರೇಷ್ಮೆ ಚಿಟ್ಟೆಯ ರೆಕ್ಕೆಯಿಂದ ಉದುರುವ ಪುಡಿ ಅದು. ಹದಿನಾರು ವರ್ಷ ಚಿಟ್ಟೆ ಹಿಡಿದ ಕೈ, ಸತ್ತ ದಿನವೂ ಅದನ್ನು ಬಿಟ್ಟಿರಲಿಲ್ಲ.

“ಅಯ್ಯೋ, ನನ್ ಬುದ್ಧಿಗಿಷ್ಟು ಬೆಂಕಿ ಬೀಳ!” ಆದಿಲಕ್ಷ್ಮಿ ಹಣೆ ಚಚ್ಚಿಕೊಂಡಳು. “ಸಾರ್, ಇವತ್ತು ಏಳನೇ ತಟ್ಟೆ ಚಿಟ್ಟೆ ಈಚೆಗೆ ಬತ್ತವೆ ಕಣ್ ಸಾರ್!”

ಅಂಗಳದ ಗೋಡೆಗೆ ಒರಗಿ ಕೂತಿದ್ದ ಚನ್ನಕೇಶವ ದಡಬಡಿಸಿ ಎದ್ದರು. ಮಂಡ್ಯದ ಕಡೆಯವರು, ತಮಿಳುನಾಡಿನ ಗಡಿಯಲ್ಲಿ, ಸೂಳಗಿರಿಯ ಆಚೆಗಿದ್ದ ರೇಷ್ಮೆ ತಳಿ ಕೇಂದ್ರದಲ್ಲಿ ವಿಜ್ಞಾನಿ. ಬೆಳಗಿನ ಐದು ಗಂಟೆಗೆ ಎದೆನೋವೆಂದು ಕೂತ ಗಂಗರತ್ನಮ್ಮ ಏಳಲೇ ಇಲ್ಲ ಎಂಬ ಸುದ್ದಿ ಬಂದಾಗ, ಕೇಂದ್ರದಲ್ಲಿ ಅವಳ ಕೈಕೆಳಗೆ ಕೆಲಸ ಕಲಿತ ಆದಿಲಕ್ಷ್ಮಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಓಡಿ ಬಂದವರು ಅವರೇ. ಬಂದವರೇ ಹೆಣದ ಕಾಲು ಮುಟ್ಟಿ, ಚಿಕ್ಕ ಮಗುವಿನಂತೆ ಅತ್ತಿದ್ದರು. ಚಿಟ್ಟೆಯ ನೆನಪು ಅವರಿಗೂ ಬಂದಿರಲಿಲ್ಲ.

ಈಗ ಗಂಟೆ ಎಂಟು. ಬಿಸಿಲು ಬಿದ್ದಿತ್ತು. ಬಿಸಿಲು ಬಿತ್ತೆಂದರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಗೆ ಬಂದೇ ಬರುತ್ತದೆ. ಯಾರ ಮನೆಯಲ್ಲಿ ಯಾರು ಸತ್ತರು ಎಂದು ಅದೇನು ಕೇಳುತ್ತದೆಯೇ? ಗಂಡು ಚಿಟ್ಟೆ ಒಂದು ತಟ್ಟೆಯಲ್ಲಿ, ಹೆಣ್ಣು ಇನ್ನೊಂದರಲ್ಲಿ. ಬೆಳಗಿನಲ್ಲೇ ಎರಡನ್ನೂ ಜೋಡಿ ಮಾಡಬೇಕು. ಮಾಡದಿದ್ದರೆ ಹೆಣ್ಣುಗಳು ಬಂಜೆ ಮೊಟ್ಟೆ ಇಟ್ಟು ಸಾಯುತ್ತವೆ. ಹೋದ ಬೆಳೆಗೆ ಗಂಟುರೋಗ ಬಂದು ಇದೇ ತಳಿಯ ಉಳಿದ ತಟ್ಟೆಗಳನ್ನೆಲ್ಲ ಸುಟ್ಟಿದ್ದರು. ಈ ತಳಿಯಲ್ಲಿ ಭೂಮಿಯ ಮೇಲೆ ಉಳಿದಿದ್ದದ್ದು ಇಷ್ಟೇ ಗೂಡು. ಇವತ್ತು ತಪ್ಪಿತೆಂದರೆ ಗಂಗರತ್ನಮ್ಮನ ಜೊತೆಗೆ ಅವಳು ಸಾಕಿದ ವಂಶವೂ ಮಣ್ಣಿಗೆ ಹೋದಂತೆ.

“ನಾನು ಹೋಗಿ ಜೋಡಿ ಮಾಡಿ ಬರ್ತೀನಿ,” ಎಂದು ಚನ್ನಕೇಶವ ಸ್ಕೂಟರಿನ ಕಡೆ ಹೊರಟರು.

“ನಿಂತ್ಕಳಿ ಸಾಮಿ.” ತಡೆದವರು ನಾರಾಯಣಪ್ಪ, ಸತ್ತವಳ ಅಣ್ಣ. ಎಲ್ಲದಕ್ಕೂ ಒಂದು ಕಟ್ಟಳೆ ಹೇಳದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. “ಸಾವಿನ್ ಮನೆ ತುಳ್ದೋರು ಚಿಟ್ಟೆ ಮನೆ ತುಳ್ಯಂಗಿಲ್ಲ. ಇದು ನಾನ್ ಮಾಡಿದ್ದಲ್ಲ, ನನ್ ತಂಗಿ ಮಾಡಿದ್ದು.”

ಅದು ಸುಳ್ಳಲ್ಲ. ಚನ್ನಕೇಶವರ ತಂದೆ ತೀರಿಕೊಂಡಾಗ ಈ ದೊಡ್ಡ ಮನುಷ್ಯರನ್ನೇ ಹನ್ನೊಂದು ದಿನ ಬಾಗಿಲಾಚೆ ನಿಲ್ಲಿಸಿ, “ಅಲ್ಲಿಂದ್ಲೇ ಕೇಳಿ ಸಾರ್, ನಾನ್ ಹೇಳ್ತೀನಿ, ನೀವ್ ಬರ್ಕಳಿ,” ಎಂದವಳು ಗಂಗರತ್ನಮ್ಮ. ಒಳಗೆ ರೈತರಿಗೆ ಕೊಡುವ ಬಿತ್ತನೆಯ ಚಿಟ್ಟೆಗಳಿದ್ದವು. ಯಾರೋ ಎಲ್ಲಿಂದಲೋ ಏನೋ ಅಂಟಿಸಿಕೊಂಡು ಬಂದರೆ ನೂರು ಮನೆಯ ಬೆಳೆ ಹಾಳು. ಚನ್ನಕೇಶವ ಸ್ಕೂಟರಿನ ಹಿಡಿ ಹಿಡಿದು ಹಾಗೇ ನಿಂತರು.

“ಬೇರೆ ಯಾರಾನಾ ಕಳ್ಸಿ,” ಎಂದರು ನಾರಾಯಣಪ್ಪ.

“ಯಾರವ್ರೆ ಮಾವ? ಹಬ್ಬದ ರಜಾ. ಎಲ್ಲಾ ಊರ್‍ಗೋಗವ್ರೆ,” ಎಂದಳು ಆದಿಲಕ್ಷ್ಮಿ. “ಕೇಂದ್ರದಾಗೆ ವಾಚ್‌ಮನ್ ಮುನಿಶಾಮಿ ಒಬ್ನೇ. ಅವ್ನು ಚಿಟ್ಟೆ ಮುಟ್ಟಿದ್ರೆ ರೆಕ್ಕೇನೇ ಕಿತ್ಕಂಬತ್ತದೆ.”

ಇಷ್ಟು ದಿನ ಪ್ರತಿ ಜೋಡಿಯನ್ನೂ ಅವಳು ಗಂಗಕ್ಕನ ಪಕ್ಕದಲ್ಲಿ ಕೂತು ಮಾಡಿದ್ದಳು. ತಪ್ಪಿದರೆ ತಲೆಗೊಂದು ಮೊಟಕುವ ಕೈ ಪಕ್ಕದಲ್ಲಿರುತ್ತಿತ್ತು.

* * *

ಆರು ವರ್ಷದ ಹಿಂದೆ, ಎಪ್ಪತ್ತೆಂಟರಲ್ಲಿ, ಏಳನೇ ತಟ್ಟೆಯ ಮಾತು ಮೊದಲು ಎದ್ದದ್ದು ಒಂದು ಶನಿವಾರದ ಸೆಮಿನಾರಿನಲ್ಲಿ.

ಶನಿವಾರ ನಾಲ್ಕು ಗಂಟೆಗೆ ಕೇಂದ್ರದ ಹಾಲಿನಲ್ಲಿ ವಿಜ್ಞಾನಿಗಳು ಸೇರುತ್ತಿದ್ದರು. ಒಬ್ಬರು ಕರಿಹಲಗೆಯ ಮೇಲೆ ಜೀವಕೋಶ ಬರೆದು, ಅದರೊಳಗೆ ದಾರದ ತುಂಡುಗಳಂತೆ ವರ್ಣತಂತು ಬರೆದು ಮಾತಾಡುತ್ತಿದ್ದರು. ಉಳಿದವರು ತಪ್ಪು ಹುಡುಕುತ್ತಿದ್ದರು. ಸ್ಟೀಲ್ ಲೋಟಗಳಲ್ಲಿ ಟೀ ಹಂಚುವುದು ಗಂಗರತ್ನಮ್ಮನ ಸರದಿ. ಆ ದಿನ ಚನ್ನಕೇಶವ, ಹುಳದ ಬೆನ್ನಿನ ಕಪ್ಪು ಹುಬ್ಬಿನಂಥ ಗೆರೆ ಗಂಡಿಗೂ ಹೆಣ್ಣಿಗೂ ಸಮನಾಗಿ ಬರುತ್ತದೆ ಎಂದು ವಿವರಿಸುತ್ತಿದ್ದರು.

“ಇಲ್ಲ ಸಾರ್,” ಎಂದಿತು ಟೀ ತಟ್ಟೆಯ ಹಿಂದಿನ ದನಿ. “ನನ್ನ ಏಳ್ನೇ ತಟ್ಟೇಲಿ ಹಂಗಿಲ್ಲ.”

ಲೋಟಗಳನ್ನು ಹಿಡಿದು ಬಾಗಿಲ ಬಳಿ ನಿಂತಿದ್ದ ಆದಿಲಕ್ಷ್ಮಿಗೆ, ಇವತ್ತಿಗೆ ನಮ್ಮ ಕೂಲಿ ಮುಗಿಯಿತು ಎನ್ನಿಸಿತ್ತು. ನಿರ್ದೇಶಕರು ಕೊಯಮತ್ತೂರಿನ ಕಡೆಯ ತಮಿಳರು, ಮಹಾ ಕೋಪಿಷ್ಠ. “ಎನ್ನಮ್ಮಾ ಸೊಲ್ಲ್ರೆ?” ಏನಮ್ಮಾ ಹೇಳ್ತಿದ್ದೀಯ ಎಂದು ಗದರಿದರು.

“ಏಳ್ನೇ ತಟ್ಟೇಲಿ ಗೆರೆ ಇರೋವೆಲ್ಲಾ ಹೆಣ್ಣೇ ಆಯ್ತವೆ. ಬೋಳು ಹುಳ ಎಲ್ಲಾ ಗಂಡು. ಮೂರ್ ಬೆಳೆಯಿಂದ ನೋಡಿವ್ನಿ ಸಾಮಿ. ಗೂಡು ಕುಯ್ದು ಒಳಗಿನ್ ಹುಳದ್ ಬಾಲ ನೋಡಿ ಗಂಡು ಹೆಣ್ಣು ಬೇರೆ ಮಾಡೋಳು ನಾನೇ ಅಲ್ವಾ?”

ವಿಜ್ಞಾನಿಗಳು ನಕ್ಕರು. ಚನ್ನಕೇಶವ ಮಾತ್ರ ನಗಲಿಲ್ಲ. ಬಾಯಿ ತೆರೆದು ಹಲಗೆಯ ಮೇಲಿನ ಒಂದು ದಾರವನ್ನೇ ನೋಡುತ್ತ ನಿಂತರು. ತಾಯಿಯಿಂದ ಮಗಳಿಗೆ ಮಾತ್ರ ಹೋಗುವ ವರ್ಣತಂತು ಅದು. ಗೆರೆಯ ತುಂಡು ತನ್ನ ಜಾಗದಿಂದ ಮುರಿದು ಅದಕ್ಕೆ ಹೋಗಿ ಅಂಟಿಕೊಂಡಿದ್ದರೆ?

“ಬರುವ ಶನಿವಾರ ನೂರು ಹುಳ ತರುತ್ತೇವೆ. ಎಲ್ಲರ ಮುಂದೆ ಬೇರೆ ಮಾಡು,” ಎಂದರು ನಿರ್ದೇಶಕರು.

ಮುಂದಿನ ಶನಿವಾರ ಅವಳು ಬೇರೆ ಮಾಡಿದಳು. ಗೆರೆಯವು ಈ ಕಡೆ ಐವತ್ತೆರಡು, ಬೋಳು ಆ ಕಡೆ ನಲವತ್ತೇಳು. ಒಂದು ಹುಳವನ್ನು ಮಾತ್ರ ಅಂಗೈಯಲ್ಲಿ ಹೊರಳಿಸಿ, ಎರಡಕ್ಕೂ ಸೇರಿಸದೆ ನಡುವೆ ಇಟ್ಟಳು.

“ಇದು ನಮ್ಮನೇ ಮಗು ಅಲ್ಲ.”

ನಿರ್ದೇಶಕರು ಮೂರನ್ನೂ ಬೇರೆ ಬೇರೆ ಇಟ್ಟು ಗೂಡು ಕಟ್ಟಿಸಿ, ಬೀಗ ಹಾಕಿ ಕೀಲಿ ಜೇಬಿಗಿಟ್ಟುಕೊಂಡರು.

* * *

ಅಂಗಳದ ಮೂಲೆಯಲ್ಲಿ ಬೀಡಿ ಹಚ್ಚದೆ ಬೆರಳಲ್ಲೇ ತಿರುಗಿಸುತ್ತ ಕೂತಿದ್ದ ಬೋರಯ್ಯ ಈಗ ಬಾಯಿಬಿಟ್ಟ. ಗಂಗರತ್ನಮ್ಮನ ಗಂಡ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

“ಭಾವ, ಅವಳು ಸಾಕಿದ್ ಮಕ್ಕಳಿಗೂ ಸೂತಕ ಅಲ್ವಾ?”

“ಅಂದ್ರೆ?”

“ನಾವು ಅಲ್ಲಿಗೆ ಹೋಗಂಗಿಲ್ಲ. ಸರಿ. ಅವೇ ಇಲ್ಲಿಗೆ ಬರ್ಲಿ. ಸೂತಕದೋರು ಸೂತಕದೋರ್ನ ಮುಟ್ಟಕ್ಕೆ ಯಾವ್ ಕಟ್ಟಳೆ ಅಡ್ಡ ಬತ್ತದೆ?”

ಕಟ್ಟಳೆಗೆ ಕಟ್ಟಳೆಯೇ ಉತ್ತರ ಕೊಟ್ಟಿತ್ತು. ಆದರೂ ನಾರಾಯಣಪ್ಪ ಅಷ್ಟು ಸುಲಭಕ್ಕೆ ಸೋಲುವವರಲ್ಲ. “ಆಮೇಲ್ ಮೊಟ್ಟೆ ತಿರುಗಾ ಒಳೀಕೆ ಹೋಗ್ಬೇಕಲ್ಲ?” ಎಂದರು.

“ಮೊಟ್ಟೆ ಹಾಳೆಯನ್ನ ಔಷಧಿ ನೀರಲ್ಲಿ ಅದ್ದಿ ತೊಳೆದೇ ಒಳಗೆ ತಗೊಳ್ಳೋದು,” ಎಂದರು ಚನ್ನಕೇಶವ.

“ಹಂಗಾರೆ ಸರಿ. ಸ್ನಾನ ಆದ್ಮೇಲೆ ಮೈಲಿಗೆ ಇಲ್ಲ. ಇನ್ನೂ ಏನ್ ನೋಡ್ತಾ ನಿಂತಿದ್ದೀರಿ? ಹೊರಡಿ ಸಾಮಿ ಬೇಗ!”

ಸ್ಕೂಟರು ಹೋಯಿತು, ಬಂದಿತು. ಚನ್ನಕೇಶವ ಗೇಟಿನ ಹೊರಗೇ ನಿಂತು, ಮುನಿಶಾಮಿಯ ಕೈಯಿಂದ ಎರಡು ತಟ್ಟೆ ಈಸಿಕೊಂಡು ಬಂದಿದ್ದರು. ಹೆಣ್ಣು ಇಪ್ಪತ್ತಮೂರು, ಗಂಡು ಎರಡು ಹೆಚ್ಚು. ಹೆಣ್ಣು ಚಿಟ್ಟೆಯನ್ನು ಮೊಟ್ಟೆಗೆ ಕೂರಿಸುವಾಗ ಮೇಲೆ ಬೋರಲು ಹಾಕುವ ತಗಡಿನ ಮುಚ್ಚಳಗಳು ಸ್ಟೋರಿನಲ್ಲಿದ್ದವು, ಸ್ಟೋರಿನ ಕೀಲಿ ರಜೆಗೆ ಹೋದವರ ಜೊತೆ ತಿರುವಣ್ಣಾಮಲೆಗೆ ಹೋಗಿತ್ತು. ಅದಕ್ಕೇ ಸೆಮಿನಾರು ಹಾಲಿನ ಟೀ ಲೋಟಗಳನ್ನೆಲ್ಲ ಚೀಲಕ್ಕೆ ತುಂಬಿಸಿಕೊಂಡು ಬಂದಿದ್ದರು. ಗಂಗರತ್ನಮ್ಮ ಶನಿವಾರ ಶನಿವಾರ ಬೂದಿ ಹಾಕಿ ಬೆಳಗುತ್ತಿದ್ದ ಲೋಟಗಳು.

ನಡುಮನೆಯಲ್ಲಿ ಅವಳು ಪ್ರಾಣ ಬಿಟ್ಟ ಜಾಗದಲ್ಲಿ ದೀಪ ಉರಿಯುತ್ತಿತ್ತು. ಅದರ ಪಕ್ಕ ಆದಿಲಕ್ಷ್ಮಿ ಚಾಪೆ ಹಾಕಿ ಕೂತಳು. ಕೂತವಳೇ ಗಂಗಕ್ಕನ ದನಿಯಲ್ಲಿ ಶುರು ಮಾಡಿದಳು.

“ಊದುಬತ್ತಿ ಆರ್ಸಿ! ಹೊಗೆ ಆಗಲ್ಲ. ಬೀಡಿ ಸೇದಿರೋರು ಹೊಸ್ತಿಲ ದಾಟ್ಬೇಡಿ. ಏ ಕಮಲಮ್ಮ, ಗಟ್ಟಿಯಾಗ್ ಅಳ್ಬೇಕಾದ್ರೆ ಹಿತ್ಲಿಗ್ ಹೋಗಿ ಅಳವ್ವ!”

ಎದುರು ಮನೆಯ ಕಮಲಮ್ಮ ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಿಲಿಗೆ ಹೋದಳು. ಸಾವಿನ ಮನೆಯಲ್ಲಿ ಊದುಬತ್ತಿ ಆರಿಸಿದ್ದನ್ನು ಆ ಊರು ಅದೇ ಮೊದಲು ನೋಡಿದ್ದು.

ಹೆಣ್ಣುಗಳು ದಪ್ಪ ಹೊಟ್ಟೆ ಹೊತ್ತು ಸುಮ್ಮನೆ ಕೂತಿದ್ದವು. ಗಂಡುಗಳೂ ಸುಮ್ಮನೇ ಕೂತಿದ್ದವು, ಅದೇ ಗ್ರಹಚಾರ. ಜನವರಿಯ ಚಳಿಗೆ, ಸ್ಕೂಟರಿನ ಗಾಳಿಗೆ ಮರಗಟ್ಟಿದ್ದವು. ಹೆಣ್ಣಿನ ಪಕ್ಕ ಬಿಟ್ಟರೂ ರೆಕ್ಕೆ ಅಲ್ಲಾಡಿಸಲಿಲ್ಲ.

“ಒಲೆ ಹಚ್ಚಂಗಿಲ್ಲ ಈ ಮನೇಲಿ,” ಎಂದರು ನಾರಾಯಣಪ್ಪ ಹೊಸ್ತಿಲಾಚೆಯಿಂದ, ಕೇಳುವ ಮುಂಚೆಯೇ.

ಗಂಗಕ್ಕ ಇದ್ದಿದ್ದರೆ ಏನು ಮಾಡುತ್ತಿದ್ದಳು? ಆದಿಲಕ್ಷ್ಮಿ ತಟಕ್ಕನೆ ಎದ್ದು ಅಂಗಳಕ್ಕೆ ಓಡಿದಳು. ಹೆಣಕ್ಕೆ ಸ್ನಾನ ಮಾಡಿಸಲು ಹಂಡೆಯಲ್ಲಿ ನೀರು ಕಾಯಿಸಿದ ಒಲೆ ಇನ್ನೂ ಬಿಸಿಯಿತ್ತು. ಹೊಗೆಯಿರಲಿಲ್ಲ, ಬೂದಿಯ ಅಡಿಯಲ್ಲಿ ಕೆಂಡ ಮಾತ್ರ. ಹಂಡೆಯಲ್ಲಿ ಅರ್ಧ ನೀರೂ ಉಳಿದಿತ್ತು. ಹಂಡೆಯ ಬಾಯಿಗೆ ಮರದ ಹಲಗೆ ಮುಚ್ಚಿ, ಹಲಗೆಯ ಮೇಲೆ ಗಂಡಿನ ತಟ್ಟೆ ಇಟ್ಟಳು. ಕೈಯಿಂದ ಬಿಸಿ ನೋಡುತ್ತ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ನಾಲ್ಕು ಮಾರು ದೂರದಲ್ಲಿ ಗಂಗಕ್ಕ ಹೊಸ ಸೀರೆಯಲ್ಲಿ, ಹಣೆ ತುಂಬ ಕುಂಕುಮ ಇಟ್ಟುಕೊಂಡು ಗೋಡೆಗೆ ಒರಗಿದ್ದಳು.

ಒಂದು ರೆಕ್ಕೆ ನಡುಗಿತು. ಆಮೇಲೆ ಇನ್ನೊಂದು. ನೋಡನೋಡುತ್ತಿದ್ದಂತೆ ಇಡೀ ತಟ್ಟೆ ಪಟಪಟ ಎನ್ನತೊಡಗಿತು.

“ಬಂತು ಸಾರ್! ಜೀವ ಬಂತು!” ಆದಿಲಕ್ಷ್ಮಿ ಅಳುತ್ತ ನಗುತ್ತ ತಟ್ಟೆ ಎತ್ತಿಕೊಂಡು ಒಳಗೆ ಓಡಿದಳು. ಒಂಬತ್ತೂವರೆಯ ಹೊತ್ತಿಗೆ ಇಪ್ಪತ್ತಮೂರೂ ಜೋಡಿಯಾದವು.

* * *

ಎಪ್ಪತ್ತೆಂಟರ ಆ ಮೂರನೇ ಶನಿವಾರ ಹಾಲಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ನಿರ್ದೇಶಕರು ಬೀಗ ತೆಗೆದರು. ಗಂಗರತ್ನಮ್ಮ ಒಂದೊಂದೇ ಗೂಡು ಕತ್ತರಿಸಿ, ಒಳಗಿನ ಹುಳವನ್ನು ಚನ್ನಕೇಶವರಿಗೆ ತೋರಿಸಿ ಗಟ್ಟಿಯಾಗಿ ಎಣಿಸಿದಳು. “ಹೆಣ್ಣು, ಒಂದು. ಹೆಣ್ಣು, ಎರಡು.” ಹತ್ತು ದಾಟುವ ಹೊತ್ತಿಗೆ ಹಾಲಿನಲ್ಲಿದ್ದವರೆಲ್ಲ ಜೊತೆಗೆ ಎಣಿಸುತ್ತಿದ್ದರು. ಕನ್ನಡದವರು ಕನ್ನಡದಲ್ಲಿ, ತಮಿಳರು ತಮಿಳಿನಲ್ಲಿ. ಐವತ್ತೆರಡಕ್ಕೆ ಐವತ್ತೆರಡೂ ಹೆಣ್ಣು. ನಲವತ್ತೇಳಕ್ಕೆ ನಲವತ್ತೇಳೂ ಗಂಡು. ಇನ್ನು ಗೂಡು ಕುಯ್ಯದೆ, ಹುಳದ ಬೆನ್ನು ನೋಡಿಯೇ ಗಂಡು ಹೆಣ್ಣು ಬೇರೆ ಮಾಡಬಹುದಿತ್ತು.

“ಅದೊಂದು?” ಎಂದು ಯಾರೋ ಕೂಗಿದರು.

ನಿರ್ದೇಶಕರು ಎದ್ದು ನಿಂತರು. “ಅದನ್ನು ಮೂರನೇ ತಟ್ಟೆಯಿಂದ ಕದ್ದು ತಂದು ಹಾಕಿದವನು ನಾನು,” ಎಂದರು. ಆಮೇಲೆ, ಆ ಮಹಾ ಕೋಪಿಷ್ಠ ಮನುಷ್ಯ, ತಟ್ಟೆಯಿಂದ ಒಂದು ಲೋಟ ಟೀ ತೆಗೆದು ಎರಡೂ ಕೈಯಲ್ಲಿ ಗಂಗರತ್ನಮ್ಮನಿಗೆ ಕೊಟ್ಟರು.

“ಸಕ್ಕರೆ ಕಮ್ಮಿ,” ಎಂದಿದ್ದಳು ಗಂಗರತ್ನಮ್ಮ, ಒಂದು ಗುಟುಕು ಕುಡಿದು.

* * *

ಮಧ್ಯಾಹ್ನ ಒಂದೂವರೆಗೆ ಜೋಡಿ ಬಿಡಿಸಿದರು. ಒಂದೊಂದು ಹೆಣ್ಣನ್ನೂ ಹಾಳೆಯ ಮೇಲೆ ಕೂರಿಸಿ, ಲೋಟ ಬೋರಲು ಹಾಕಿ, ಗಾಳಿಯಾಡಲೆಂದು ಅಂಚಿಗೆ ಒಂದು ಬೆಂಕಿಕಡ್ಡಿ ಸಿಕ್ಕಿಸಿದರು. ಸೆಮಿನಾರಿನ ಲೋಟಗಳು ಇಪ್ಪತ್ತೆರಡಕ್ಕೆ ಮುಗಿದವು. ಬೋರಯ್ಯ ಒಳಗೆ ಹೋಗಿ, ಗಂಗರತ್ನಮ್ಮ ದಿನಾ ಕಾಫಿ ಕುಡಿಯುತ್ತಿದ್ದ ಸೊಟ್ಟ ಅಂಚಿನ ಲೋಟ ತಂದುಕೊಟ್ಟ.

ನಾಲ್ಕು ಗಂಟೆಗೆ, ಹೊಸೂರಿನ ಫ್ಯಾಕ್ಟರಿಗಳಲ್ಲಿದ್ದ ಇಬ್ಬರು ಮಕ್ಕಳು ಚಟ್ಟಕ್ಕೆ ಹೆಗಲು ಕೊಟ್ಟರು. ಮುತ್ತೈದೆ ಸಾವು, ತಮಟೆಯವರು ಬೆಳಗಿನಿಂದ ತಮಟೆ ಕಾಯಿಸಿಕೊಂಡು ಕೂತಿದ್ದರು. ನಾರಾಯಣಪ್ಪ ಅವರ ಮುಂದೆ ಹೋಗಿ ನಿಂತು ಎರಡೂ ಕೈ ಎತ್ತಿದರು.

“ಕೆರೆ ಏರಿ ಹತ್ತೋಗಂಟ ಒಂದ್ ಏಟೂ ಬೀಳ್ಬಾರ್‍ದು ಕಣ್ಲಾ. ಒಳಗೆ ಬಾಣಂತೀರು ಅವ್ರೆ.”

ಹಾಗಾಗಿ ಗಂಗರತ್ನಮ್ಮ ತನ್ನ ಬೀದಿಯನ್ನು ಸದ್ದಿಲ್ಲದೆ ದಾಟಿದಳು. ಏರಿ ಹತ್ತಿದ ಮೇಲೆ ಮಾತ್ರ, ಅಷ್ಟು ಹೊತ್ತು ತಡೆದಿದ್ದದ್ದೆಲ್ಲ ಸೇರಿ, ಸೂಳಗಿರಿಗೆ ಕೇಳುವಂತೆ ತಮಟೆ ಬಿತ್ತು. ನಾರಾಯಣಪ್ಪನವರೇ ಎರಡು ಹೆಜ್ಜೆ ಕುಣಿದರು ಎಂದು ಆಮೇಲೆ ಜನ ಆಡಿಕೊಂಡರು.

ಮಣ್ಣು ಮಾಡಿ, ಕೆರೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲಿ ಎಲ್ಲರೂ ದೀಪ ನೋಡಲು ಮನೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ದೀಪ ನೋಡಿ ಕೈಮುಗಿದವರು ಯಾರೂ ವಾಡಿಕೆಯಂತೆ ಹೊರಡಲಿಲ್ಲ. ನಡುಮನೆಯ ತುಂಬ ನಿಂತರು, ಬಾಗಿಲಲ್ಲಿ ನಿಂತರು, ಕಿಟಕಿಗೆ ಜೋತುಬಿದ್ದರು. ಎಲ್ಲರ ಕಣ್ಣೂ ಆದಿಲಕ್ಷ್ಮಿಯ ಮೇಲೆ.

ಅವಳು ಮೊದಲನೇ ಲೋಟ ಎತ್ತಿದಳು. ಹಾಳೆಯ ಮೇಲೆ ನವಣೆ ಚೆಲ್ಲಿದಂತೆ ಒತ್ತೊತ್ತಾಗಿ ಮೊಟ್ಟೆ, ಮಗ್ಗುಲಲ್ಲಿ ಹೊಟ್ಟೆ ಕರಗಿದ ತಾಯಿ.

“ಒಂದು!” ಎಂದಳು.

“ಎರಡು!” ಎಂದರು ಚನ್ನಕೇಶವ, ಪೆನ್ಸಿಲಿನಲ್ಲಿ ಹಾಳೆಯ ಅಂಚಿಗೆ ತಾರೀಖು ಬರೆಯುತ್ತ. ಮೂರಕ್ಕೆ ನಾರಾಯಣಪ್ಪನ ದನಿ ಸೇರಿತು, ನಾಲ್ಕಕ್ಕೆ ಬಾಗಿಲಲ್ಲಿ ನಿಂತವರದ್ದು. ಕನ್ನಡ, ತೆಲುಗು, ತಮಿಳು ಎಲ್ಲದರಲ್ಲೂ ಎಣಿಕೆ ಏರಿತು. ಒಂದೂ ಹುಸಿ ಹೋಗಲಿಲ್ಲ. ಇಪ್ಪತ್ತೆರಡಕ್ಕೆ ಕಿಟಕಿಯಾಚೆಯಿಂದ ಯಾರೋ ಸಿಳ್ಳೆಯನ್ನೇ ಹೊಡೆದುಬಿಟ್ಟರು. ಸಾವಿನ ಮನೆ ಎಂದು ಅವರನ್ನು ಗದರಲು ಯಾರಿಗೂ ನೆನಪಾಗಲಿಲ್ಲ.

ಕೊನೆಯದು ಸೊಟ್ಟ ಅಂಚಿನ ಲೋಟ. ಆದಿಲಕ್ಷ್ಮಿ ಅದನ್ನು ಮುಟ್ಟದೆ ಬೋರಯ್ಯನ ಕಡೆ ನೋಡಿದಳು. ಅವನು ಒದ್ದೆ ಪಂಚೆಯಲ್ಲೇ ಮಂಡಿಯೂರಿ, ಲೋಟವನ್ನು ನಾಲ್ಕು ಬೆರಳು ಎತ್ತಿ, ಬಗ್ಗಿ ನೋಡಿದ.

“ಇಪ್ಪತ್ಮೂರಾ ಮಾವ?” ಎಂದಳು ಆದಿಲಕ್ಷ್ಮಿ.

ಬೋರಯ್ಯ ತುಟಿಯ ಮೇಲೆ ಬೆರಳಿಟ್ಟ. ಒಳಗೆ, ಮೊಟ್ಟೆ ಅರ್ಧ ತುಂಬಿದ ಸುತ್ತಿನ ಅಂಚಿನಲ್ಲಿ ಚಿಟ್ಟೆ ಇನ್ನೂ ಸರಿಯುತ್ತಿತ್ತು. ಒಂದು ಇಡುತ್ತಿತ್ತು, ಸರಿಯುತ್ತಿತ್ತು, ಪಕ್ಕದಲ್ಲಿ ಇನ್ನೊಂದು ಇಡುತ್ತಿತ್ತು.

“ಕೆಲ್ಸದಾಗವ್ಳೆ,” ಎಂದು ಪಿಸುಗುಟ್ಟಿ, ಬೆಂಕಿಕಡ್ಡಿ ಅಲುಗದಂತೆ ಲೋಟವನ್ನು ಮೆಲ್ಲಗೆ ಬೋರಲು ಹಾಕಿದ.