ಎಂಟನ್ನು ನಾಲ್ಕು ಮಾಡಿದವರು

"ಇವತ್ತೆಷ್ಟು?" ಕಾಫಿ ಲೋಟ ಕೆಳಗಿಟ್ಟು ಲೆಕ್ಕದ ಮೇಷ್ಟ್ರು ಕೇಳಿದರು.

"ಎಂಟು," ಎಂದಳು ಹೆಂಡತಿ.

ಆಸ್ಪತ್ರೆಯವರು ಕೊಟ್ಟಿದ್ದ ಪುಸ್ತಕದಲ್ಲಿ ಮೇಷ್ಟ್ರು ನಾಲ್ಕು ಎಂದು ಬರೆದು, ಅದನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು.

ಆರು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಅವಳ ಬಲ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿತು, ನೋವು ಮಾತ್ರ ಹೋಗಲಿಲ್ಲ. ಫ್ಯಾನಿನ ಗಾಳಿ ತಾಗಿದರೂ ಕೈ ಉರಿಯುತ್ತಿತ್ತು. ಇಂಥ ನೋವಿಗೆ ಕತ್ತಿನ ನರಗಂಟಿಗೆ ಇಂಜೆಕ್ಷನ್ ಕೊಟ್ಟರೆ ಗುಣವಾದೀತೇ ಎಂದು ದೊಡ್ಡಾಸ್ಪತ್ರೆಯಲ್ಲಿ ಸಂಶೋಧನೆ ನಡೆದಿತ್ತು. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿಲ್ಲ. ಅವಳೂ ಅದಕ್ಕೆ ಸೇರಿ ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದಳು. ಸೊನ್ನೆಯಿಂದ ಹತ್ತರೊಳಗೆ ನೋವನ್ನು ದಿನಾ ಬರೆದಿಡಬೇಕು. ನಾಲ್ಕು ವಾರವಾದರೂ ಕಡಿಮೆಯಾಗದವರಿಗೆ ನಿಜವಾದ ಔಷಧಿಯನ್ನೇ ಕೊಡುತ್ತಾರೆ. ಅವಳು ಆ ದಿನಕ್ಕಾಗಿ ಕಾಯುತ್ತಿದ್ದಳು. ಡಾಕ್ಟರಮ್ಮ ಈ ನಿಯಮ ಹೇಳುವಾಗ ಮೇಷ್ಟ್ರು ಗಡಿಯಾರ ನೋಡುತ್ತಿದ್ದರು.

ಮೇಷ್ಟ್ರು ಮಾರ್ಕ್ಸ್ ಕೊಡುವುದರಲ್ಲಿ ಮಹಾ ಬಿಗಿ. ಎಲ್ಲ ಸರಿ ಬರೆದ ಹುಡುಗಿಗೂ ಉತ್ತರಕ್ಕೆ ಅಡಿಗೆರೆ ಎಳೆದಿಲ್ಲವೆಂದು ಒಂದು ಕಳೆದ ಪುಣ್ಯಾತ್ಮ. ಹೆಂಡತಿಯ ನೋವಿಗೂ ಅದೇ ಶಾಸ್ತ್ರ.

"ಇವಳದು ಯಾವಾಗ್ಲೂ ಕಡ್ಡೀನ ಗುಡ್ಡ ಮಾಡೋ ಸ್ವಭಾವ. ಮೂಳೆ ಕೂಡಿದ ಮೇಲೆ ಎಂಥಾ ಎಂಟು?" ಎಂದು ತಂಗಿಯ ಹತ್ತಿರ ಹೇಳಿಕೊಂಡಿದ್ದರು.

"ಕೈ ಅತ್ತಿಗೇದು, ಲೆಕ್ಕ ನಿಂದಾ ಅಣ್ಣ?" ಎಂದು ತಂಗಿ ಕೇಳಿದ್ದಳು. ಮೇಷ್ಟ್ರು ನಕ್ಕು ಮಾತು ತೇಲಿಸಿದ್ದರು.

ನಾಲ್ಕು ವಾರ ತುಂಬಿದ ದಿನ ಡಾಕ್ಟರಮ್ಮ ಪುಸ್ತಕ ತಿರುವಿ ನೋಡಿ ನಕ್ಕರು. "ಶಹಬ್ಬಾಸ್! ಮೊದಲ ದಿನ ಇಲ್ಲಿ ಎಂಟು ಅಂದಿದ್ರಿ, ಈಗ ನಾಲ್ಕಕ್ಕೆ ಇಳಿದಿದೆ. ನಿಮಗಿನ್ನು ಇಂಜೆಕ್ಷನ್ ಬೇಡ, ಆರಾಮಾಗಿ ಮನೆಗೆ ಹೋಗಿ."

ಅವಳು ಗಂಡನ ಕಡೆ ನೋಡಿದಳು. ಆಮೇಲೆ ಮೆಲ್ಲಗೆ, "ನಾನೇ ಏನೋ ತಪ್ಪು ಹೇಳಿರ್ಬೇಕು ಡಾಕ್ಟ್ರೇ. ಇವರು ಲೆಕ್ಕದ ಮೇಷ್ಟ್ರು, ತಪ್ಪು ಬರೆಯೋರಲ್ಲ," ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ. ಈ ಮಾತಿಗೆ ಮೇಷ್ಟ್ರಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಥೂ, ನನ್ನ ಜನ್ಮಕ್ಕಿಷ್ಟು!

"ಅವಳು ದಿನಾ ಎಂಟು ಅಂತಾನೇ ಹೇಳಿದ್ದಾಳೆ," ಎಂದರು. "ನಾಲ್ಕು ಅಂತ ಬರ್ದಿದ್ದು ನಾನು."

"ಯಾಕ್ರೀ?"

"ಜಾಸ್ತಿ ಹೇಳ್ತಾಳೆ ಅನ್ಕೊಂಡೆ. ನೀವು ನಗ್ತೀರೇನೋ ಅಂತಾನೂ..."

"ನೋವು ಅಂದವರನ್ನ ನೋಡಿ ನಗೋಕೆ ನಾವಿಲ್ಲಿ ಕೂತಿದ್ದೀವಾ? ನಿಮ್ಮ ನಾಲ್ಕು ನಂಬ್ಕೊಂಡು, ಔಷಧಿ ಒಳ್ಳೇದು ಅಂತ ಇನ್ನೆಷ್ಟು ಜನಕ್ಕೆ ಚುಚ್ತಿದ್ವೋ!" ಡಾಕ್ಟರಮ್ಮ ಪುಸ್ತಕ ಮುಚ್ಚಿದರು. "ಈ ತಿಂಗಳ ಲೆಕ್ಕ ಪೂರ್ತಿ ದಂಡ. ಮೇಲಿನವರು ಒಪ್ಪಿದ್ರೆ ಇನ್ನೊಂದು ತಿಂಗಳು ಹೊಸದಾಗಿ ಬರೀಬೇಕು, ಇಂಜೆಕ್ಷನ್ ಏನಿದ್ರೂ ಆಮೇಲೆ."

ಇನ್ನೊಂದು ತಿಂಗಳು ಆ ಉರಿಯನ್ನು ತಿನ್ನಬೇಕಾದವಳು ಅವಳು.

"ಹಾಗಾದ್ರೆ ನಂಗೇನೂ ಭ್ರಮೆ ಹಿಡಿದಿಲ್ಲ ಅಲ್ವಾ?" ಅವಳು ಡಾಕ್ಟರಮ್ಮನನ್ನು ಕೇಳಿದಳು.

"ಖಂಡಿತ ಇಲ್ಲಮ್ಮ."

ಡಾಕ್ಟರಮ್ಮ ಫೋನಿನಲ್ಲೇ ಮೇಲಿನವರನ್ನು ಒಪ್ಪಿಸಿದರು, ಹೊಸ ಪುಸ್ತಕ ಬಂತು. ಅಭ್ಯಾಸಬಲದಿಂದ ಮೇಷ್ಟ್ರು ಪೆನ್ನು ತೆಗೆದರು. ಅವಳು ಎಡಗೈ ಚಾಚಿ ಅದನ್ನು ಇಸಿದುಕೊಂಡು, ನಿಧಾನವಾಗಿ ತಾನೇ ಬರೆದಳು. ಪುಸ್ತಕ ಜಾರದಂತೆ ಮೇಷ್ಟ್ರು ಹಿಡಿದುಕೊಂಡರು.

"ಓದಿ," ಎಂದಳು.

"ಎಂಟು."

"ಕೇಳಿಸ್ಲಿಲ್ಲ."

"ಎಂಟು," ಎಂದರು ಮೇಷ್ಟ್ರು, ಬಾಗಿಲಾಚೆ ಬೆಂಚಿನಲ್ಲಿ ಕೂತವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ.