ಸೋಮವಾರದ ನೊಗ

ಬೆಳಿಗ್ಗೆ ಒಂಬತ್ತೂಮುಕ್ಕಾಲು. ಅಂಜಿನಕ್ಕ ಬಂದಿರಲಿಲ್ಲ.

ಕೊಟ್ಟೂರಿನ ಹೊಲಿಗೆ ತರಬೇತಿ ಕೇಂದ್ರದ ಬಾಗಿಲಲ್ಲಿ ಪುಷ್ಪಲತಾ ನಿಂತಲ್ಲಿ ನಿಲ್ಲಲಾರದೆ ಒಳಗೂ ಹೊರಗೂ ಓಡಾಡುತ್ತಿದ್ದಳು. ಕಲಿಯಲು ಬರುವವರ ಕಷ್ಟಸುಖ ನೋಡಿಕೊಳ್ಳುವುದು ಅವಳ ಕೆಲಸ. ಅದಕ್ಕೆಂದು ಸಂಸ್ಥೆ ಕೊಟ್ಟದ್ದು ಒಂದು ಕುರ್ಚಿ ಮಾತ್ರ. ಇಂದು ಹತ್ತಕ್ಕೆ ಕೊನೆಯ ಪರೀಕ್ಷೆ. ಹನ್ನೊಂದರ ಮೇಲೆ ಬಂದವರನ್ನು ಪರೀಕ್ಷಕ ನಾಗೇಂದ್ರಪ್ಪ ಒಳಗೆ ಬಿಡುವುದಿಲ್ಲ. ಪರೀಕ್ಷೆ ತಪ್ಪಿದರೆ ಪ್ರಮಾಣಪತ್ರವಿಲ್ಲ. ಅದಿಲ್ಲದೆ ಸರ್ಕಾರದ ಹೊಲಿಗೆ ಯಂತ್ರವೂ ಇಲ್ಲ.

ಪೋಲಿಯೊ ಬಡಿದ ಕಾಲಿನ ಅಂಜಿನಕ್ಕ ಹಳ್ಳಿಯಿಂದ ಬಸ್ ರಸ್ತೆಯವರೆಗೆ ನಡೆಯಲಾರಳು. ಆಟೋ ಬಾಡಿಗೆಗೆ ಸಂಸ್ಥೆಯಲ್ಲಿ ದುಡ್ಡಿಲ್ಲ. ಹೊಲಕ್ಕೆ ಹೋಗುವ ಜಂಬಣ್ಣನನ್ನು ಕಾಡಿ ಬೇಡಿ, ಅವನ ಎತ್ತಿನ ಗಾಡಿಯಲ್ಲಿ ಅವಳನ್ನು ದಿನಾ ರಸ್ತೆಗೆ ಬಿಡುವಂತೆ ಒಪ್ಪಿಸಿದ್ದವಳು ಪುಷ್ಪಲತಾಳೇ.

ಹೊಲಿಗೆ ಕಲಿಸುವ ಗೀತಮ್ಮ ಕಿಟಕಿಯಿಂದ ಕೂಗಿದಳು: "ಪುಷ್ಪಕ್ಕಾ, ಸೋಮಾರ ಯಾರರ ಎತ್ತು ಹೂಡ್ತಾರೇನ್ರಿ? ಬಸವಣ್ಣನ ದಿನ! ಅಂಗಡ್ಯಾಗ ಹುಟ್ಟಿದೋರಿಗೆ ಎಲ್ಲಿ ನೆನಪಿರ್ಬೇಕು!"

ಪುಷ್ಪಲತಾಳಿಗೆ ಆಗಷ್ಟೇ ಹೊಳೆಯಿತು. ಕೇಂದ್ರಕ್ಕೆ ಸೋಮವಾರ ರಜೆ. ಹಾಗಾಗಿ ಇಷ್ಟು ತಿಂಗಳು ತೊಡಕಾಗಿರಲಿಲ್ಲ. ಪರೀಕ್ಷಕರಿಗೆ ಬಿಡುವಿರುವುದು ಸೋಮವಾರವೇ ಎಂದಾಗ ಹೂಂ ಎಂದದ್ದು ತಾನೇ.

ಗೀತಮ್ಮನ ಗಂಡನ ಲೂನಾ ಇಸಿದುಕೊಂಡು ಹೊರಟಳು. ಬಸ್ ರಸ್ತೆ ಬಿಟ್ಟು ಹಳ್ಳಿಯ ಮಣ್ಣುದಾರಿಗೆ ತಿರುಗಿದಾಗ ಗಾಡಿ ಎದುರಾಯಿತು. ಎತ್ತುಗಳಿರಲಿಲ್ಲ. ಜಂಬಣ್ಣನೂ ಅಂಜಿನಕ್ಕನ ಅಣ್ಣ ಹುಲುಗಣ್ಣನೂ ನೊಗಕ್ಕೆ ಹೆಗಲು ಕೊಟ್ಟು ಎಳೆಯುತ್ತಿದ್ದರು. ಗಾಡಿಯಲ್ಲಿ ಅಂಜಿನಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಕುಳಿತಿದ್ದಳು.

"ಸೋಮಾರ ಎತ್ತಿಗೆ ಐತ್ರಿ ಮೇಡಂ," ಜಂಬಣ್ಣ ಏದುಸಿರು ಬಿಟ್ಟ. "ನಮಗೆಲ್ಲೈತಿ?"

"ಊರೆಲ್ಲಾ ನಗಾಕ್ಹತ್ತಿತ್ರಿ," ಎಂದಳು ಅಂಜಿನಕ್ಕ.

"ನಗ್ಲಿ ಬಿಡಲೇ," ಎಂದ ಹುಲುಗಣ್ಣ. "ನೀ ಎಷ್ಟ್ ಉಣ್ತಿ ಅಂತ ಇವತ್ತ ಗೊತ್ತಾತು ನನಗ."

ಪುಷ್ಪಲತಾಳಿಗೆ ನಗುವಷ್ಟು ವ್ಯವಧಾನವಿರಲಿಲ್ಲ. "ತಪ್ಪು ನಂದೈತಿ ಜಂಬಣ್ಣ," ಎಂದಷ್ಟೇ ಹೇಳಿ, ಅಂಜಿನಕ್ಕನನ್ನು ಹಿಂದೆ ಕೂರಿಸಿಕೊಂಡು ಲೂನಾ ತಿರುಗಿಸಿದಳು. ಏರು ಬಂದಲ್ಲಿ ಅದು ಉಸಿರುಗಟ್ಟಿದಂತೆ ನಿಂತಿತು. ಪೆಡಲ್ ತುಳಿದು, ಬೈದು, ಮತ್ತೆ ತುಳಿದಳು.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಒಳಗೆ ಕಾಲಿಟ್ಟರು. ನಾಗೇಂದ್ರಪ್ಪ ಗಡಿಯಾರ ನೋಡಿದ.

"ಕೂಡ್ರವ್ವ. ಹೋದ ಟೈಮ್ ಮಾತ್ರ ಕೊಡಾಕಾಗಲ್ಲ."

ಅಂಜಿನಕ್ಕ ಕೈಯಲ್ಲಿ ತಿರುಗಿಸುವ ಮಷಿನ್ ಮುಂದೆ ಕುಳಿತಳು. ವೇಳೆ ಮುಗಿದಾಗ ರವಿಕೆಗೆ ಒಂದು ತೋಳು ಕೂಡಿಸುವುದು ಉಳಿದಿತ್ತು. ಮರುತಿಂಗಳು ಬಂದ ಫಲಿತಾಂಶದಲ್ಲಿ, ಹೊಲಿದಷ್ಟಕ್ಕೇ ಸಿಕ್ಕ ಅಂಕಗಳಿಂದ ಆಕೆ ಪಾಸಾಗಿದ್ದಳು.