ನಿದ್ದೆಗೆಟ್ಟ ಲ್ಯಾಪ್‌ಟಾಪ್

ಹುಯೀ-ಲಾನ್ ಮಾಡಿದ ಲ್ಯಾಪ್‌ಟಾಪ್‌ಗೆ ಎಲ್ಲವೂ ಬರುತ್ತಿತ್ತು, ನಿದ್ದೆಯೊಂದನ್ನು ಬಿಟ್ಟು. ತೈಪೇಯ ಆ ಕಂಪನಿಯಲ್ಲಿ ಅವಳ ಕೆಲಸವೇ ಯಂತ್ರಗಳನ್ನು ಮಲಗಿಸುವುದು. ಬಳಸದಿರುವಾಗ ಯಂತ್ರ ಹನಿಯಷ್ಟೇ ವಿದ್ಯುತ್ ಹೀರಿದರೆ ಚಿಕ್ಕ ಬ್ಯಾಟರಿ ಸಾಕು. ಬ್ಯಾಟರಿಯ ಲೋಹಕ್ಕಾಗಿ ಭೂಮಿ ಅಗೆಯುವುದೂ ತಗ್ಗುತ್ತದೆ, ಕಸವೂ ಕಡಿಮೆ. ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಕಟ್ಟಿದ ಈ ವಿನ್ಯಾಸ ಪರೀಕ್ಷೆಗೆ ಕೂತಾಗಲೆಲ್ಲ ಮಾನ ಕಳೆಯುತ್ತಿತ್ತು.

ಮ್ಯಾನೇಜರ್ ಹೌ ಕೊನೆಗೆ ಹೇಳಿಯೇಬಿಟ್ಟ: ಶುಕ್ರವಾರದ ಪರೀಕ್ಷೆಯಲ್ಲೂ ಕೈಕೊಟ್ಟರೆ ಅವಳ ವಿನ್ಯಾಸ ಮೂಲೆಗೆ, ಯಂತ್ರಕ್ಕೆ ದೊಡ್ಡ ಬ್ಯಾಟರಿ.

"ನಿದ್ದೆ ಮಾಡದ ಮಗೂಗೆ ಇನ್ನೊಂದು ತಟ್ಟೆ ಊಟ ಹಾಕ್ತೀರಾ?" ಎಂದಳು. ಹೌ ನಕ್ಕ, ಗಡುವನ್ನು ಮಾತ್ರ ಬದಲಿಸಲಿಲ್ಲ.

ಆ ಪ್ರಯೋಗಾಲಯದಲ್ಲಿ ಪ್ರತಿ ಯಂತ್ರದ ಮೇಲೂ ತೆಂಗಿನಕಾಯಿ ರುಚಿಯ ಕುರುಕಲಿನ ಒಂದು ಹಸಿರು ಪೊಟ್ಟಣ ಇರಲೇಬೇಕು. ಅದರ ಹೆಸರಿನ ಅರ್ಥ 'ಜಾಣಮರಿಯಾಗಿರು' ಎಂದು. ಅದಿದ್ದರೆ ಯಂತ್ರ ತಂಟೆ ಮಾಡುವುದಿಲ್ಲ. ಬೇರೆ ಬಣ್ಣದ ಪೊಟ್ಟಣ ನಡೆಯದು, ಬಿಚ್ಚಿ ತಿಂದರಂತೂ ಮಹಾಪಾಪ. ಎಂಜಿನಿಯರಿಂಗ್ ಓದಿದವರಂತೆ ಇವರು! ನಗುವವರು ನಗಲಿ, ಇಡೀ ಊರೇ ಹಾಗೆ. ಪೊಟ್ಟಣ ಇಡುವ ಹಕ್ಕು ಅಲ್ಲಿನ ಹಿರಿಯನದು, ಎಲ್ಲರೂ 'ತು ಚಿಕ್ಕಪ್ಪ' ಎಂದು ಕರೆಯುವವನದು. ಪರೀಕ್ಷೆ ಸೋತಾಗಲೆಲ್ಲ ಪಾಪ, ಆತ ಇನ್ನೂ ದಪ್ಪನೆಯ ಪೊಟ್ಟಣ ತಂದು ಕೀಲಿಮಣೆಯ ಮುಂದೆ, ಅಂಗೈ ಊರುವ ಜಾಗದಲ್ಲಿ ಭಕ್ತಿಯಿಂದ ಇಡುತ್ತಿದ್ದ. ಹರಕೆ ಹೆಚ್ಚಿದಷ್ಟೂ ಕಾಟವೂ ಹೆಚ್ಚಿತು.

ಶುಕ್ರವಾರ ಬೆಳಿಗ್ಗೆ ಹುಯೀ-ಲಾನ್ ವಿದ್ಯುತ್ ಅಳೆಯುವ ಮೀಟರನ್ನೇ ನೋಡುತ್ತ ಕೂತಿದ್ದಳು. ಏಸಿಯ ಗಾಳಿ ಬೀಸಿತು, ಪೊಟ್ಟಣ ಸರಸರ ಎಂದಿತು, ಅಂಕಿ ಮೇಲೆ ಹಾರಿತು. ಗಾಳಿ ನಿಂತಿತು, ಅಂಕಿಯೂ ಇಳಿಯಿತು. ಅವಳು ಬಗ್ಗಿ ನೋಡಿದಳು. ಪೊಟ್ಟಣದ ಒಳಗಿನ ಬೆಳ್ಳಿ ಹಾಳೆಯನ್ನು ಟಚ್‌ಪ್ಯಾಡ್ ಬೆರಳೆಂದುಕೊಳ್ಳುತ್ತಿತ್ತು. ಪರದೆ ಕಪ್ಪಾಗಿದ್ದರೂ ಒಳಗೊಳಗೇ ಯಂತ್ರ ಎದ್ದು ಕೂರುತ್ತಿತ್ತು. ಎಲ್ಲರೂ ಬೇಡಬೇಡವೆನ್ನುತ್ತಿದ್ದಂತೆ ಅವಳು ಪೊಟ್ಟಣವನ್ನು ಎತ್ತಿಯೇಬಿಟ್ಟಳು. ಯಂತ್ರ ಕುಂಭಕರ್ಣನಂತೆ ಮಲಗಿತು.

ಹೌಗೆ ಹಿಡಿಸಲಾರದಷ್ಟು ಖುಷಿ. ಪೊಟ್ಟಣ ಆಚೆಗಿಟ್ಟು ಪಾಸೆಂದು ಬರೆದುಕೊಳ್ಳಿ ಎಂದ. ತು ಚಿಕ್ಕಪ್ಪನ ಮುಖ ಮಾತ್ರ ಬಾಡಿಹೋಯಿತು.

"ನಿನ್ ಕೆಲ್ಸ ಗೆಲ್ಲಲಿ ಅಂತ ಇಟ್ಟೆ ಕಣಮ್ಮ. ನಾನೇ ಕೆಡಿಸ್ಬಿಟ್ನಲ್ಲ."

ಹುಯೀ-ಲಾನ್ ಅವನತ್ತ ನೋಡಿದಳು. ಗೆಲುವು ಅಂಗೈಯಲ್ಲಿತ್ತು, ಸುಮ್ಮನಿದ್ದರೆ ಸಾಕಿತ್ತು. ಆದರೆ ಹಾಳು ಬುದ್ಧಿ ಸುಮ್ಮನಿರಬೇಕಲ್ಲ!

"ನೀವು ಕೆಡಿಸಿಲ್ಲ ಚಿಕ್ಕಪ್ಪ, ತಪ್ಪು ನಂದೇ. ಯಾರ ಮನೇಲಿ ಮೇಜು ಖಾಲಿ ಇರುತ್ತೆ ಹೇಳಿ? ಒಂದು ಕುರುಕಲು ಪೊಟ್ಟಣಕ್ಕೆ ಎಚ್ಚರ ಆಗೋದು ನಿದ್ದೇನಾ?" ಎಂದು ಹೌ ಕಡೆ ತಿರುಗಿದಳು. "ಸಂಜೆವರೆಗೆ ಟೈಮ್ ಕೊಡಿ. ಪೊಟ್ಟಣ ಇಟ್ಟೇ ಪರೀಕ್ಷೆ ಮಾಡೋಣ. ಸೋತ್ರೆ ದೊಡ್ಡ ಬ್ಯಾಟರೀನೇ ಹಾಕಿ."

ಗೆದ್ದ ಆಟವನ್ನು ಮತ್ತೆ ಆಡುವ ಹುಚ್ಚೇ ಎಂದು ಹೌ ಹಣೆ ಚಚ್ಚಿಕೊಂಡ, ಆದರೂ ಒಪ್ಪಿದ. ಮಧ್ಯಾಹ್ನದ ಊಟವನ್ನೂ ಮರೆತು ಅವಳು ತಿದ್ದಿದಳು: ಮಲಗಿರುವಾಗ ಯಾರಾದರೂ ಕೀಲಿ ಒತ್ತುವ ತನಕ ಯಂತ್ರ ಟಚ್‌ಪ್ಯಾಡ್‌ನ ಮಾತಿಗೆ ಕಿವಿಗೊಡಕೂಡದು.

ಸಂಜೆ ಪೊಟ್ಟಣವನ್ನು ತು ಚಿಕ್ಕಪ್ಪನ ಕೈಗೇ ಕೊಟ್ಟಳು. ಆತ ಒಲ್ಲೆನೆಂದ. ಅವಳು ಬಿಡಲಿಲ್ಲ. ಕೊನೆಗೆ ಆತ ಅದನ್ನು ಟಚ್‌ಪ್ಯಾಡ್ ಮೇಲಿಟ್ಟ. ಏಸಿಯನ್ನು ಪೂರ್ತಿ ಜೋರು ಮಾಡಿದರು. ಪೊಟ್ಟಣ ಕುಣಿಯಿತು, ಸರಿಯಿತು, ಮಗುಚಿಕೊಂಡಿತು. ಅಂಕಿ ಅಲ್ಲಾಡಲಿಲ್ಲ.

ಹೌ ಬಹಳ ಹೊತ್ತು ಮೀಟರ್ ನೋಡಿ, ಇನ್ನು ಮುಂದೆ ಪ್ರತಿ ಯಂತ್ರವನ್ನೂ ಹೀಗೆ ಪೊಟ್ಟಣವಿಟ್ಟೇ ಪರೀಕ್ಷಿಸಬೇಕೆಂದು ಅಪ್ಪಣೆ ಮಾಡಿದ. ಅದನ್ನು ಇಡುವವರು ಯಾರು ಎಂದು ತು ಚಿಕ್ಕಪ್ಪ ಮೆಲ್ಲಗೆ ಕೇಳಿದ.

"ಇನ್ಯಾರು, ನೀವೇ," ಎಂದಳು ಹುಯೀ-ಲಾನ್. "ಮಲಗಿದ್ದನ್ನ ನಿಮ್ಮಷ್ಟು ಚೆನ್ನಾಗಿ ಎಬ್ಬಿಸೋರು ಈ ಊರಲ್ಲಿ ಇನ್ಯಾರಿದ್ದಾರೆ?"